ಗಾಯದ ಉದ್ದವೂ ಚಿಕಿತ್ಸೆಯ ಯೋಗ್ಯತೆಯೂ

ಮಾಟುಂಗದ ಭಾವುದಾಜಿ ರಸ್ತೆಯ ಆಸುಪಾಸಿನಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಊರಿನಿಂದ ಬರುವ ನಂಟರು ಹಿಂದಿನಿಂದಲೂ ಎರಡು ಬಗೆಯವರು: ಉದ್ಯೋಗವನ್ನರಸಿ ಬರುವವರು, ವ್ಯಾಧಿಯನ್ನು ಹೊತ್ತು ಬರುವವರು. ಮೊದಲನೆಯ ವರ್ಗದವರು ಈಚೆಗೆ ಬೆಂಗಳೂರಿನ ಕಡೆಗೆ ಮುಖ ತಿರುಗಿಸಿದ್ದಾರೆ. ಎರಡನೆಯ ವರ್ಗದವರ ಆಗಮನ ಮಾತ್ರ ನಿಂತಿಲ್ಲ. ಉತ್ತರಕ್ಕೆ ಸಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆ, ದಕ್ಷಿಣಕ್ಕೆ ಪರೇಲಿನ ಕೆ.ಇ.ಎಂ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಗಳು. ಇವುಗಳ ನಡುವಣ ಈ ಬಡಾವಣೆಯಲ್ಲಿ ಕುಂದಾಪುರದಿಂದಲೋ ಕುಮಟೆಯಿಂದಲೋ ಹುಬ್ಬಳ್ಳಿಯಿಂದಲೋ ಬಂದವರ ಕೈಯಲ್ಲಿ ಬಯಾಪ್ಸಿ ವರದಿಯ ಲಕೋಟೆಯೊಂದು ಕಾಣಿಸುವುದು ಅಪರೂಪದ ನೋಟವಲ್ಲ. ಮೈಸೂರು ಅಸೋಸಿಯೇಶನ್ನಿನ ಸಭಾಗೃಹದಲ್ಲಿ ಕಾರ್ಯಕ್ರಮ ಮುಗಿದು ಜನರು ಮೆಟ್ಟಿಲಿಳಿಯುವ ಹೊತ್ತಿನಲ್ಲಿಯೂ, ಉಡುಪಿ ಊಟದ ಮನೆಗಳ ಮುಂದಣ ಸರತಿಯ ಸಾಲಿನಲ್ಲಿಯೂ, ದೊಡ್ಡ ಕರುಳಿನ ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಯಾರದಾದರೂ ವಿಚಾರ ಬಂದಾಗ ಕೇಳಿಬರುವ ಮೊದಲ ಪ್ರಶ್ನೆ ಒಂದೇ: “ದುರ್ಬೀನಿನ ಆಪರೇಶನ್ನೋ, ಹೊಟ್ಟೆ ಕೊಯ್ದದ್ದೋ?” ದುರ್ಬೀನಿನದೆಂದರೆ ಕೇಳಿದವರ ಮುಖ ತಿಳಿಯಾಗುತ್ತದೆ; ಕೊಯ್ದದ್ದೆಂದರೆ, ಪಾಪ, ಒಳ್ಳೆಯ ಡಾಕ್ಟರು ಸಿಗಲಿಲ್ಲವೇನೋ ಎಂಬ ಅನುಕಂಪವು ಕಣ್ಣಿನಲ್ಲಿ ಸುಳಿದುಹೋಗುತ್ತದೆ.

ಈ ಅನುಕಂಪದ ಹಿಂದೆ ಒಂದು ಸಿದ್ಧಾಂತವಿದೆ. ಗಾಯವು ಕಿರಿದಾದಷ್ಟೂ ಚಿಕಿತ್ಸೆಯು ಹಿರಿದೆಂಬುದು, ಹೊಸ ವಿಧಾನವು ಹಳೆಯದನ್ನು ಎಲ್ಲ ವಿಧದಲ್ಲಿಯೂ ಮೀರಿಸಿರುತ್ತದೆಂಬುದು, ತತ್ಪರಿಣಾಮವಾಗಿ ಉದರವನ್ನು ತೆರೆಯುವ ವೈದ್ಯನು ಕಾಲದಿಂದ ಹಿಂದೆ ಬಿದ್ದವನೆಂಬುದು ಅದರ ತಿರುಳು. ವೈದ್ಯಶಾಸ್ತ್ರದ ಅನೇಕ ಪ್ರಶ್ನೆಗಳಲ್ಲಿ ಇಂಥ ಸಿದ್ಧಾಂತವನ್ನು ಪರೀಕ್ಷಿಸುವುದಕ್ಕೆ ಸಾಧನಗಳಿಲ್ಲ. ದೊಡ್ಡ ಕರುಳಿನ ಅರ್ಬುದದ ವಿಷಯದಲ್ಲಿ ಮಾತ್ರ, ಸುದೈವದಿಂದ, ಎರಡು ವಿಧಾನಗಳನ್ನೂ ಸಾವಿರಾರು ರೋಗಿಗಳಲ್ಲಿ ಪಕ್ಷಪಾತಕ್ಕೆ ಎಡೆಯಿಲ್ಲದಂತೆ ತೂಗಿ ನೋಡಿರುವುದರಿಂದ, ಊಹೆಯನ್ನು ಬಿಟ್ಟು ಪ್ರಮಾಣದ ಬಲದಿಂದ ವಿಚಾರಮಾಡುವುದು ಸಾಧ್ಯವಾಗಿದೆ.

ಮೊದಲು ಕ್ರಿಯೆಯ ಸ್ವರೂಪವನ್ನು ಅರಿತುಕೊಳ್ಳಬೇಕು. ಕರುಳಿನ ಒಳಪದರದಲ್ಲಿ ಹುಟ್ಟಿದ ಗಂಟು ಕಾಲಕ್ರಮದಲ್ಲಿ ಗೋಡೆಯನ್ನು ಭೇದಿಸಿ, ದುಗ್ಧನಾಳಗಳ ಮೂಲಕ ನೆರೆಯ ದುಗ್ಧಗ್ರಂಥಿಗಳಿಗೂ, ಅಲ್ಲಿಂದ ಮುಂದಕ್ಕೂ ಹಬ್ಬುತ್ತದೆ. ಈ ದುಗ್ಧನಾಳಗಳು ಕರುಳನ್ನು ಬೆನ್ನಿನ ಕಡೆಗೆ ತೂಗುಹಾಕಿರುವ ಕೊಬ್ಬಿನ ಪೊರೆಯೊಳಗೆ ರಕ್ತನಾಳಗಳ ಜೊತೆಜೊತೆಯಾಗಿಯೇ ಸಾಗುತ್ತವೆ. ಆದಕಾರಣ ಶಸ್ತ್ರವೈದ್ಯನು ಗಂಟನ್ನು ಮಾತ್ರ ಕಿತ್ತರೆ ಸಾಲದು. ಅದರ ಎರಡೂ ಪಕ್ಕದ ಆರೋಗ್ಯವಂತ ಕರುಳಿನ ಸಾಕಷ್ಟು ಭಾಗವನ್ನೂ, ಆ ಭಾಗಕ್ಕೆ ರಕ್ತವನ್ನೊಯ್ಯುವ ನಾಳವನ್ನು ಅದರ ಬುಡದ ಬಳಿಯಲ್ಲಿಯೇ ಕಟ್ಟಿ ಕತ್ತರಿಸಿ, ಪೊರೆಯನ್ನೂ ಹರಿಯದೆ ಅಖಂಡವಾಗಿ ತೆಗೆದು, ಉಳಿದ ಎರಡು ತುದಿಗಳನ್ನು ಸೋರದಂತೆ ಜೋಡಿಸಬೇಕು. ತೆಗೆದ ಭಾಗದಲ್ಲಿ ಕನಿಷ್ಠ 12 ದುಗ್ಧಗ್ರಂಥಿಗಳನ್ನಾದರೂ ಪರೀಕ್ಷಿಸಿರಬೇಕೆಂಬುದು ಇಂದು ಎಲ್ಲೆಡೆಯೂ ಅಂಗೀಕೃತವಾದ ನಿಯಮ. ರೋಗಿಯ ಆಯುಷ್ಯವು ಅವಲಂಬಿಸಿರುವುದು ಈ ಒಳಗಿನ ಕೆಲಸದ ಮೇಲೆ. ಹೊಟ್ಟೆಯ ಮೇಲಣ ಗಾಯವು ಅಲ್ಲಿಗೆ ತಲುಪುವ ಮಾರ್ಗವಷ್ಟೆ.

ಒಳಗಿನ ಈ ಕೆಲಸದ ತತ್ತ್ವಗಳೆಲ್ಲವೂ ಉದರವನ್ನು ತೆರೆದು ನೋಡಿದವರ ಸಂಪಾದನೆಗಳು. ಫ್ರಾನ್ಸಿನ ಲಿಯೋನ್ ನಗರದ ರೇಬಾರ್ ಎಂಬ ಶಸ್ತ್ರವೈದ್ಯನು 1833ರಲ್ಲಿ ಅರ್ಬುದಗ್ರಸ್ತವಾದ ಕರುಳಿನ ತುಂಡೊಂದನ್ನು ಕತ್ತರಿಸಿ ತುದಿಗಳನ್ನು ಹೊಲಿದು ರೋಗಿಯನ್ನು ಬದುಕಿಸಿದಾಗ ಈಥರಿನ ಅರಿವಳಿಕೆ ಬರುವುದಕ್ಕೆ ಇನ್ನೂ 13 ವರ್ಷಗಳಿದ್ದುವು. ಆ ರೋಗಿಯು ಎಚ್ಚರದಲ್ಲಿಯೇ ಇದನ್ನು ಸಹಿಸಿದನೆಂಬುದನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಜೇಮಿಸನ್ ಮತ್ತು ಡಾಬ್ಸನ್ ಎಂಬಿಬ್ಬರು 1909ರಲ್ಲಿ ದೊಡ್ಡ ಕರುಳಿನ ದುಗ್ಧನಾಳಗಳ ಮಾರ್ಗವನ್ನು ವಿವರಿಸಿ, ಗ್ರಂಥಿಗಳನ್ನು ನಾಳದ ಬುಡದವರೆಗೂ ತೆಗೆಯಬೇಕೆಂಬ ವಿಚಾರಕ್ಕೆ ಅಸ್ತಿಭಾರ ಹಾಕಿದರು. ಮುಂಬಯಿಯಲ್ಲಿ 1941ರ ಫೆಬ್ರವರಿ 28ರಂದು ಟಾಟಾ ಸ್ಮಾರಕ ಆಸ್ಪತ್ರೆ ಬಾಗಿಲು ತೆರೆದಾಗ, ಹಾಗೂ 1957ರಲ್ಲಿ ಅದು ಆರೋಗ್ಯ ಸಚಿವಾಲಯದ ಕೈಗೆ, 1962ರಲ್ಲಿ ಪರಮಾಣುಶಕ್ತಿ ಇಲಾಖೆಯ ಕೈಗೆ ಬಂದಾಗಲೂ, ಉದರದ ಅರ್ಬುದಕ್ಕೆ ಶಸ್ತ್ರಚಿಕಿತ್ಸೆಯೆಂದರೆ ಹೊಟ್ಟೆಯ ನಡುವೆ ಮೇಲಿನಿಂದ ಕೆಳಗಿನವರೆಗೆ ಹಾಕುವ ಒಂದು ನೀಳವಾದ ಕೊಯ್ತವೆಂಬುದರ ಹೊರತು ಬೇರೆ ಅರ್ಥವಿರಲಿಲ್ಲ.

ದುರ್ಬೀನಿನಿಂದ ಇಣುಕಿ ನೋಡುವ ಲ್ಯಾಪ್ರೊಸ್ಕೊಪಿಯೆಂಬ ವಿದ್ಯೆಯ ಇತಿಹಾಸವು ಜನರು ಭಾವಿಸಿರುವಷ್ಟು ಈಚಿನದೇನೂ ಅಲ್ಲ. ಜರ್ಮನಿಯ ಕೆಲ್ಲಿಂಗನು 1901ರಲ್ಲಿ ನಾಯಿಯ ಉದರದೊಳಗೂ, ಸ್ಟಾಕ್‌ಹೋಮಿನ ಯಾಕೋಬೇಯಸನು 1910ರಲ್ಲಿ ಮನುಷ್ಯನ ಉದರದೊಳಗೂ ನಳಿಗೆಯನ್ನಿಳಿಸಿ ನೋಡಿದ್ದರು. ಆದರೆ ನೋಡುವುದು ಬೇರೆ, ಮಾಡುವುದು ಬೇರೆ. ನಮ್ಮ ನಗರದಲ್ಲಿ ಈ ವಿದ್ಯೆಯ ಪ್ರವರ್ತಕರಾದವರು, 2023ರಲ್ಲಿ ತೀರಿಕೊಂಡ ಡಾಕ್ಟರ್ ತೆಹೆಂಟನ್ ಉದ್ವಾಡಿಯಾ ಅವರು. ಮಾಟುಂಗದ ರಸ್ತೆಗೆ ಹೆಸರಿತ್ತ ಭಾವುದಾಜಿಯವರು 1851ರಲ್ಲಿ ಗ್ರಾಂಟ್ ವೈದ್ಯಕೀಯ ಕಾಲೇಜಿನ ಮೊದಲ ತಂಡದ ಪದವೀಧರರಾಗಿ ಹೊರಬಂದರಷ್ಟೆ. ಆ ಕಾಲೇಜಿಗೆ ಸೇರಿದ ಜೆ.ಜೆ. ಆಸ್ಪತ್ರೆಯಲ್ಲಿಯೇ ಉದ್ವಾಡಿಯಾ ಅವರು 1972ರಲ್ಲಿ ಲ್ಯಾಪ್ರೊಸ್ಕೊಪಿಯನ್ನು ರೋಗನಿದಾನಕ್ಕಾಗಿ ಬಳಸತೊಡಗಿದರು. ಮುಂಬಯಿಯಂಥ ನಗರದಲ್ಲಿ ಅದರ ಉಪಯೋಗವು ಸಾಮಾನ್ಯವಾದುದಲ್ಲ: ಬಲಗಡೆಯ ಕರುಳಿನ ಗಂಟು ಅರ್ಬುದವೋ ಕ್ಷಯವೋ ಎಂಬ ಸಂದೇಹವು ಇಲ್ಲಿಯ ವೈದ್ಯರನ್ನು ಕಾಡುವಷ್ಟು ಪಾಶ್ಚಾತ್ಯ ವೈದ್ಯರನ್ನು ಎಂದೂ ಕಾಡಿದ್ದಿಲ್ಲ. ಅದೇ ಆಸ್ಪತ್ರೆಯಲ್ಲಿ 1990ರ ಮೇ 31ರಂದು ಅವರು ದುರ್ಬೀನಿನ ಮೂಲಕ ಪಿತ್ತಕೋಶವನ್ನು ತೆಗೆದುದು ಭಾರತದಲ್ಲಿ ಆ ಕ್ರಿಯೆಯ ಆರಂಭ. ಅದೇ ವರ್ಷ ಅಮೆರಿಕದ ಮಯಾಮಿಯಲ್ಲಿ ಮೊಯಿಸೆಸ್ ಜೇಕಬ್ಸ್ ಎಂಬವರು ಇದೇ ಮಾರ್ಗದಿಂದ ದೊಡ್ಡ ಕರುಳಿನ ಬಲಭಾಗವನ್ನು ತೆಗೆದರು.

ಪಿತ್ತಕೋಶಕ್ಕೂ ಕರುಳಿಗೂ ಅಂತರವಿದೆ. ಪಿತ್ತಕೋಶವು ಒಂದು ಮೂಲೆಯಲ್ಲಿ ನೇತಾಡುವ ಸಣ್ಣ ಚೀಲ. ದೊಡ್ಡ ಕರುಳು ಉದರದ ನಾಲ್ಕು ದಿಕ್ಕಿಗೂ ಚಾಚಿಕೊಂಡಿರುವ ಅಂಗ. ನಾಲ್ಕೈದು ಸಣ್ಣ ರಂಧ್ರಗಳ ಮೂಲಕ ಇಂಗಾಲದ ಡೈಆಕ್ಸೈಡನ್ನು ತುಂಬಿ ಹೊಟ್ಟೆಯನ್ನು ಉಬ್ಬಿಸಿ, ಕ್ಯಾಮೆರಾ ತೋರಿಸುವ ಚಿತ್ರವನ್ನು ಪರದೆಯ ಮೇಲೆ ನೋಡುತ್ತ, ಉದ್ದನೆಯ ಸಲಾಕೆಗಳ ತುದಿಯಿಂದ ಕೆಲಸ ಮಾಡತಕ್ಕವನ ಪರಿಸ್ಥಿತಿಯು ದೋಟಿಯಿಂದ ಮಾವಿನಕಾಯಿ ಕೀಳುವವನ ಪರಿಸ್ಥಿತಿಯಂತೆ: ಕೊಂಬೆಯನ್ನು ಅವನು ಕಾಣಬಲ್ಲನು, ಕಾಯಿಯನ್ನು ತಪ್ಪದೆ ಕೆಡಹಬಲ್ಲನು, ಆದರೆ ಅದು ಬಲಿತಿದೆಯೋ ಇಲ್ಲವೋ ಎಂಬುದನ್ನು ಬೆರಳಿನಿಂದ ಒತ್ತಿ ತಿಳಿಯಲಾರನು. ಹಸ್ತಸ್ಪರ್ಶವು ತಿಳಿಸುವ ವಾರ್ತೆಯನ್ನು ಕಳೆದುಕೊಂಡುದಕ್ಕೆ ಪ್ರತಿಯಾಗಿ ಅವನಿಗೆ ದೊರೆಯುವುದು ಹಿಗ್ಗಲಿಸಿದ, ಬೆಳಕು ತುಂಬಿದ ದೃಷ್ಟಿ. ಸಣ್ಣ ನರಗಳೂ ಪೊರೆಗಳ ನಡುವಣ ಸಂದುಗಳೂ ಬರಿಗಣ್ಣಿಗಿಂತ ಚೆನ್ನಾಗಿ ಕಾಣುತ್ತವೆಂಬುದನ್ನು ಹಳೆಯ ಪದ್ಧತಿಯ ಕಟ್ಟಾ ಅಭಿಮಾನಿಗಳೂ ಒಪ್ಪುತ್ತಾರೆ. ಇಷ್ಟಾದರೂ ಕತ್ತರಿಸಿದ ಕರುಳು ಹೊರಗೆ ಬರಬೇಕಾದರೆ ನಾಲ್ಕಾರು ಅಂಗುಲವಲ್ಲದಿದ್ದರೂ ಎರಡು ಮೂರು ಅಂಗುಲಗಳ ಗಾಯವೊಂದನ್ನು ಮಾಡಲೇಬೇಕು; ರಂಧ್ರಗಳಿಂದಲೇ ಸರ್ವವೂ ಸಾಗಿಹೋಗುತ್ತದೆಂಬ ಜನಜನಿತ ಕಲ್ಪನೆ ಸರಿಯಲ್ಲ.

ಇಲ್ಲಿಂದ ಮುಂದಿನ ಕಥೆಯಲ್ಲಿ ವಿಚಾರಶೀಲರು ಗಮನಿಸತಕ್ಕ ಒಂದು ಘಟ್ಟವಿದೆ. ಹೊಸ ವಿಧಾನವು ಹರಡತೊಡಗಿದ ಎರಡು ಮೂರು ವರ್ಷಗಳಲ್ಲಿಯೇ, ಸಲಾಕೆಗಳನ್ನು ತೂರಿಸಿದ ರಂಧ್ರಗಳಲ್ಲಿ ಅರ್ಬುದವು ಮತ್ತೆ ಮೊಳೆಯುತ್ತಿದೆಯೆಂಬ ವರದಿಗಳು ಒಂದರ ಹಿಂದೊಂದು ಬಂದುವು. 1994ರಲ್ಲಿ ನೆದರ್ಲೆಂಡ್ಸಿನ ವೈದ್ಯರು ತಮ್ಮ 14 ರೋಗಿಗಳ ಪೈಕಿ ಮೂವರಲ್ಲಿ ಹೀಗಾದುದನ್ನು ಪ್ರಾಮಾಣಿಕವಾಗಿ ಪ್ರಕಟಿಸಿದರು. ಉಬ್ಬಿಸಿದ ಗಾಳಿಯು ರೋಗಕಣಗಳನ್ನು ಚದುರಿಸುತ್ತದೆಯೆ, ಗಂಟನ್ನು ಇಕ್ಕಳದಿಂದ ಹಿಡಿದುದರಿಂದ ಅದು ಒಡೆಯಿತೆ, ಕಿರಿದಾದ ಗಾಯದ ಮೂಲಕ ಎಳೆಯುವಾಗ ಅಂಟಿಕೊಂಡಿತೆ ಎಂಬ ತರ್ಕಗಳು ಎದ್ದುವು. ಬಹುಮಂದಿ ಶಸ್ತ್ರವೈದ್ಯರು ಆಗಲೇ ಸಲಕರಣೆಗಳನ್ನು ಕೊಂಡಿದ್ದರು. ರೋಗಿಗಳು ಅದನ್ನೇ ಕೇಳಿಕೊಂಡು ಬರುತ್ತಿದ್ದರು. ಸಲಕರಣೆಗಳ ಕಂಪೆನಿಗಳ ಒತ್ತಡ ಹೇಗಿದ್ದಿತೆಂಬುದನ್ನು ಊಹಿಸಬಹುದು. ಇಂಥ ಸಂದರ್ಭದಲ್ಲಿ ಅಮೆರಿಕದ ಕರುಳು ಶಸ್ತ್ರವೈದ್ಯರ ಸಂಘವು, ಅರ್ಬುದದಲ್ಲಿ ಈ ವಿಧಾನವನ್ನು ಕ್ರಮಬದ್ಧವಾದ ಪರೀಕ್ಷಾಪ್ರಯೋಗಗಳ ಚೌಕಟ್ಟಿನಲ್ಲಿ ಮಾತ್ರ ಬಳಸತಕ್ಕದ್ದೆಂದು ಹೇಳಿ ತಡೆಯೊಡ್ಡಿತು. ಅದಾದ ಮೇಲೆ ಹತ್ತು ವರ್ಷ ಶಾಸ್ತ್ರವು ಕಾದಿತು. ಲಾಭವು ಕಣ್ಣೆದುರಿಗಿದ್ದರೂ ಸಂದೇಹವು ತೀರುವವರೆಗೆ ಕೈಕಟ್ಟಿ ನಿಂತ ಈ ಸಂಯಮವನ್ನು ನಾನು ದುರ್ಬೀನಿನ ಆವಿಷ್ಕಾರಕ್ಕಿಂತಲೂ ಹೆಚ್ಚಿನದೆಂದು ಎಣಿಸುತ್ತೇನೆ. ಅದರ ಬಗ್ಗೆ ಯಾರೂ ಜಾಹೀರಾತು ಹಾಕಲಿಲ್ಲವೆಂಬುದು ಬೇರೆ ಮಾತು.

ಕಾದುದರ ಫಲ ಒಳ್ಳೆಯದಾಯಿತು. ಅಮೆರಿಕದ 48 ಆಸ್ಪತ್ರೆಗಳಲ್ಲಿ 872 ರೋಗಿಗಳನ್ನು ಎರಡು ಪಾಲಾಗಿ ವಿಂಗಡಿಸಿ ನಡೆಸಿದ ಪ್ರಯೋಗವೊಂದರ ಫಲಿತಾಂಶ 2004ರಲ್ಲಿ ಹೊರಬಿದ್ದಿತು. ಅದರಲ್ಲಿ ಭಾಗಿಯಾದ 66 ಶಸ್ತ್ರವೈದ್ಯರಲ್ಲಿ ಪ್ರತಿಯೊಬ್ಬನೂ ಮೊದಲೇ ಇಂಥ 20 ಕ್ರಿಯೆಗಳನ್ನಾದರೂ ಮಾಡಿದವನಾಗಿರಬೇಕೆಂಬ ಕಟ್ಟಳೆಯಿದ್ದಿತು. ಮೂರು ವರ್ಷಗಳಲ್ಲಿ ರೋಗವು ಮರುಕಳಿಸಿದ್ದು ದುರ್ಬೀನಿನ ಪಂಗಡದಲ್ಲಿ ನೂರಕ್ಕೆ 16, ತೆರೆದ ಪಂಗಡದಲ್ಲಿ 18; ಬದುಕಿದ್ದವರು ಕ್ರಮವಾಗಿ 86 ಮತ್ತು 85. ಗಾಯದಲ್ಲಿ ಅರ್ಬುದ ಮರುಕಳಿಸಿದ್ದು ಎರಡೂ ಕಡೆಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ರಂಧ್ರಗಳ ಭೀತಿಯು ವಿಧಾನದ ದೋಷದಿಂದಲ್ಲ, ಕಲಿಯುವ ಕೈಗಳ ದೋಷದಿಂದ ಹುಟ್ಟಿದುದೆಂದು ಹೀಗೆ ನಿಶ್ಚಯವಾಯಿತು. ಯೂರೋಪಿನಲ್ಲಿ 1248 ರೋಗಿಗಳನ್ನು ಒಳಗೊಂಡ ಮತ್ತೊಂದು ಪ್ರಯೋಗ, ಜಪಾನಿನಲ್ಲಿ 1057 ರೋಗಿಗಳದು ಇನ್ನೊಂದು. ಜಪಾನಿನಲ್ಲಿ ಐದು ವರ್ಷ ಬದುಕಿದವರು ತೆರೆದ ವಿಧಾನದಲ್ಲಿ ನೂರಕ್ಕೆ 90.4, ದುರ್ಬೀನಿನಲ್ಲಿ 91.8. ಕೂದಲೆಳೆಯ ಅಂತರಗಳನ್ನು ಬಿಟ್ಟರೆ ಎಲ್ಲೆಡೆಯೂ ತಾತ್ಪರ್ಯ ಒಂದೇ: ಅರ್ಬುದವನ್ನು ಗೆಲ್ಲುವುದರಲ್ಲಿ ಎರಡು ಮಾರ್ಗಗಳೂ ಸಮಾನ.

ಸಮಾನವೆಂಬ ಈ ಫಲಿತಾಂಶವನ್ನು ಜನರು ದುರ್ಬೀನಿನ ವಿಜಯವೆಂದು ಓದುತ್ತಾರೆ. ಅದನ್ನು ಹಾಗೂ ಓದಬಹುದು. ಆದರೆ ಗಾಯದ ಉದ್ದಕ್ಕೂ ಆಯುಷ್ಯದ ಉದ್ದಕ್ಕೂ ಸಂಬಂಧವೇ ಇಲ್ಲವೆಂದು ಓದುವುದು ಇನ್ನಷ್ಟು ಸರಿ. ಆಯುಷ್ಯವನ್ನು ಬದಲಿಸಿದ ಸುಧಾರಣೆ ಬೇರೆ ಕಡೆಯಿಂದ ಬಂದಿತು. ಜರ್ಮನಿಯ ಎರ್ಲಾಂಗೆನ್ ನಗರದ ಹೋಹೆನ್‌ಬರ್ಗರ್ ಎಂಬ ಶಸ್ತ್ರವೈದ್ಯರು, ಕರುಳಿನ ಪೊರೆಯನ್ನು ಎಲ್ಲಿಯೂ ಹರಿಯದೆ ಅದರ ಸಹಜವಾದ ಸಂದಿನಲ್ಲಿ ಬಿಡಿಸಿ ನಾಳವನ್ನು ಬುಡದಲ್ಲಿಯೇ ಕಟ್ಟುವ ಕ್ರಮವನ್ನು ಕಟ್ಟುನಿಟ್ಟಾಗಿ ಅನುಸರಿಸಿದುದರ ಫಲವನ್ನು 2009ರಲ್ಲಿ ಪ್ರಕಟಿಸಿದರು: ಅದೇ ಸ್ಥಳದಲ್ಲಿ ರೋಗ ಮರಳುವ ಪ್ರಮಾಣವು ನೂರಕ್ಕೆ 6.5ರಿಂದ 3.6ಕ್ಕೆ ಇಳಿಯಿತು, ಐದು ವರ್ಷಗಳವರೆಗೆ ಅರ್ಬುದದಿಂದ ಸಾಯದೆ ಉಳಿದವರು 82.1ರಿಂದ 89.1ಕ್ಕೆ ಏರಿದರು. ಇದಿಷ್ಟೂ ತೆರೆದ ಹೊಟ್ಟೆಯಲ್ಲಿ, ಹಳೆಯ ಮಾದರಿಯ ಕೊಯ್ತದ ಮೂಲಕ ನಡೆದ ಕಾರ್ಯ. ಅಲ್ಲಿ ಬದಲಾದುದು ಪೊರೆಯ ಬಗ್ಗೆ ವೈದ್ಯನಿಗಿದ್ದ ಗೌರವ ಮಾತ್ರ. ಮುಂದೆ ಇದೇ ಕ್ರಮವನ್ನು ದುರ್ಬೀನಿನವರೂ ಕೈಗೊಂಡರೆಂಬುದು ಸಂತೋಷದ ಸಂಗತಿ. ಆದರೂ, ಊಟದ ಮನೆಯ ಸರತಿಯಲ್ಲಿ ನಿಂತು ಯಾರಾದರೂ “ಪೊರೆ ಅಖಂಡವಾಗಿ ಬಂದಿತೆ? ಗ್ರಂಥಿಗಳೆಷ್ಟು ಸಿಕ್ಕಿದುವು?” ಎಂದು ಕೇಳಿದುದನ್ನು ನಾನು ಕೇಳಿಲ್ಲ.

ಸಣ್ಣ ಗಾಯವೆಂದರೆ ಸರ್ವತ್ರ ನಿರಪಾಯವೆಂದು ನಂಬಿದವರಿಗೆ 2018ರಲ್ಲಿ ಒಂದು ಎಚ್ಚರಿಕೆ ದೊರೆಯಿತು. ಅದು ಕರುಳಿಗೆ ಸಂಬಂಧಿಸಿದುದಲ್ಲ, ಗರ್ಭಕೋಶದ ಕೊರಳಿನ ಅರ್ಬುದಕ್ಕೆ ಸಂಬಂಧಿಸಿದುದು. ನಮ್ಮ ವಿಚಾರಕ್ಕೆ ಮಾತ್ರ ಅತ್ಯಂತ ಪ್ರಸ್ತುತ. ಆ ರೋಗದಲ್ಲಿ ಸಣ್ಣ ರಂಧ್ರಗಳ ವಿಧಾನವೇ ಉತ್ತಮವೆಂದು ವರ್ಷಗಟ್ಟಲೆ ಜಗತ್ತಿನ ಅನೇಕ ಕಡೆಗಳಲ್ಲಿ ಭಾವಿಸಲಾಗಿತ್ತು. 631 ಮಂದಿ ಸ್ತ್ರೀಯರನ್ನು ಒಳಗೊಂಡ ಪ್ರಯೋಗವು ಮುಗಿದಾಗ ತಿಳಿದುಬಂದದ್ದೇನೆಂದರೆ, ನಾಲ್ಕೂವರೆ ವರ್ಷಗಳವರೆಗೆ ರೋಗರಹಿತರಾಗಿ ಉಳಿದವರು ತೆರೆದ ವಿಧಾನದಲ್ಲಿ ನೂರಕ್ಕೆ 96.5, ಸಣ್ಣ ಗಾಯದ ವಿಧಾನದಲ್ಲಿ 86. ಕರುಳಿನಲ್ಲಿ ನಿರಪಾಯವಾದುದು ಕೆಲವೇ ಅಂಗುಲ ಕೆಳಗೆ ಅಪಾಯಕರವಾಯಿತು. ಕರುಳಿನ ವಿಷಯದಲ್ಲಿ ನಾವು ಇಂದು ನಿಶ್ಚಿಂತರಾಗಿರುವುದಕ್ಕೆ ಕಾರಣವು ಗಾಯದ ಕಿರಿದುತನವಲ್ಲ, ಅದನ್ನು ತೂಗಿ ನೋಡಿದುದು. ಈಗ ಯಂತ್ರಹಸ್ತಗಳ ಶಸ್ತ್ರಚಿಕಿತ್ಸೆಯನ್ನು ಹೊಗಳುವ ದೊಡ್ಡ ದೊಡ್ಡ ಫಲಕಗಳು ಮುಂಬಯಿಯ ಹೆದ್ದಾರಿಗಳ ಪಕ್ಕದಲ್ಲಿ ನಿಂತಿವೆ. ಗುದನಾಳದ ಅರ್ಬುದದಲ್ಲಿ 471 ರೋಗಿಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗವು ಸಾಧಾರಣ ದುರ್ಬೀನಿಗಿಂತ ಯಂತ್ರವು ಮೇಲೆಂದು ಸಿದ್ಧಪಡಿಸಲಾರದೆ ಹೋಯಿತೆಂಬುದನ್ನು ಆ ಫಲಕಗಳಲ್ಲಿ ಬರೆದಿರುವುದಿಲ್ಲ.

ಹಾಗಾದರೆ ದುರ್ಬೀನಿನಿಂದ ಪ್ರಯೋಜನವೇ ಇಲ್ಲವೆ? ಇದೆ, ಮತ್ತು ಅದು ನಿಜವಾದುದು. ಅಮೆರಿಕದ ಪ್ರಯೋಗದಲ್ಲಿ ಆಸ್ಪತ್ರೆಯ ವಾಸವು ಆರು ದಿನಗಳಿಂದ ಐದಕ್ಕೂ, ಸೂಜಿಯ ಮೂಲಕ ಬಲವಾದ ನೋವುಶಾಮಕಗಳನ್ನು ಕೊಡಬೇಕಾದ ಅವಧಿಯು ನಾಲ್ಕು ದಿನಗಳಿಂದ ಮೂರಕ್ಕೂ ಇಳಿಯಿತು. ಯೂರೋಪಿನಲ್ಲಿ ರಕ್ತಸ್ರಾವವೂ ಕಡಿಮೆಯಾಯಿತು. ಆದರೆ ಈ ಲಾಭದ ಆಯಾಮವನ್ನು ಅರಿಯಬೇಕು: ಅದೇ ಅಮೆರಿಕದ ರೋಗಿಗಳಲ್ಲಿ 449 ಮಂದಿಯ ಜೀವನಸೌಖ್ಯವನ್ನು ವಿಚಾರಿಸಿದಾಗ ಎರಡು ವಾರಗಳ ಹೊತ್ತಿಗೆ ದುರ್ಬೀನಿನವರು ಸ್ವಲ್ಪ ಮೇಲಾಗಿದ್ದರು, ಎರಡು ತಿಂಗಳ ಹೊತ್ತಿಗೆ ಭೇದವು ಅಳಿದುಹೋಗಿತ್ತು. ಇಷ್ಟೇ ಅಲ್ಲದೆ, ತೆರೆದ ಶಸ್ತ್ರಚಿಕಿತ್ಸೆಯ ಮೇಲೆ ನಾವು ಹೊರಿಸುತ್ತಿದ್ದ ಕಷ್ಟಗಳಲ್ಲಿ ಅನೇಕವು ಗಾಯದಿಂದ ಬಂದುವಲ್ಲ, ಹಳೆಯ ಆಚಾರಗಳಿಂದ ಬಂದುವೆಂಬುದನ್ನು ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್ ತೋರಿಸಿಕೊಟ್ಟರು. ಮೂಗಿನಲ್ಲಿ ನಳಿಗೆಯಿಟ್ಟು ದಿನಗಟ್ಟಲೆ ಉಪವಾಸ ಕೆಡಹುವುದು, ಹಾಸಿಗೆಯಿಂದೇಳಗೊಡದಿರುವುದು, ಕರುಳನ್ನು ಮಲಗಿಸಿಬಿಡುವ ಅಫೀಮಿನ ಜಾತಿಯ ಔಷಧಗಳನ್ನು ಧಾರಾಳವಾಗಿ ಕೊಡುವುದು—ಇವನ್ನೆಲ್ಲ ತ್ಯಜಿಸಿ, ಬೆನ್ನುಹುರಿಯ ಬಳಿಯ ಅರಿವಳಿಕೆಯಿಂದ ನೋವನ್ನಡಗಿಸಿ, ಬೇಗನೆ ಉಣಿಸಿ, ಬೇಗನೆ ನಡೆಸಿ, ಅವರು 1999ರಲ್ಲಿ ಪ್ರಕಟಿಸಿದ 16 ರೋಗಿಗಳ ಸಣ್ಣ ಸರಣಿಯಲ್ಲಿ ತೆರೆದ ಕರುಳು ಶಸ್ತ್ರಚಿಕಿತ್ಸೆಯಾದವರು ಸರಾಸರಿ ಎರಡೇ ದಿನಗಳಲ್ಲಿ ಮನೆಗೆ ಹೋದರು. ಎರಡನ್ನೂ ಕೂಡಿಸಿದರೆ ಫಲವು ಉತ್ತಮವೆಂಬುದೂ ನಿಜವೆ: ನೆದರ್ಲೆಂಡ್ಸಿನಲ್ಲಿ 2011ರಲ್ಲಿ ಪ್ರಕಟವಾದ 400 ರೋಗಿಗಳ ಪ್ರಯೋಗದಲ್ಲಿ, ಇಂಥ ಶುಶ್ರೂಷೆಯೊಂದಿಗೆ ದುರ್ಬೀನನ್ನು ಬಳಸಿದಾಗ ವಾಸವು ಐದು ದಿನ, ಅದೇ ಶುಶ್ರೂಷೆಯೊಂದಿಗೆ ತೆರೆದಾಗ ಏಳು ದಿನ. ಆದರೂ ಗಂಜಿ, ನಡಿಗೆ ಮತ್ತು ವಿವೇಕಗಳಿಗೆ ಹೊಸ ಯಂತ್ರವನ್ನು ಕೊಳ್ಳಬೇಕಾಗಿಲ್ಲವೆಂಬುದನ್ನು ಬಡ ದೇಶದ ಆಸ್ಪತ್ರೆಗಳು ಮರೆಯಬಾರದು.

ಕೌಶಲದ ಮಾತಿಗೆ ಬರೋಣ. ಬ್ರಿಟನ್ನಿನ 794 ರೋಗಿಗಳ ಪ್ರಯೋಗದಲ್ಲಿ ದುರ್ಬೀನಿನಿಂದ ಆರಂಭಿಸಿದ ಕ್ರಿಯೆಗಳಲ್ಲಿ ನೂರಕ್ಕೆ 29ರಷ್ಟು ಹೊಟ್ಟೆಯನ್ನು ತೆರೆದೇ ಮುಗಿಸಬೇಕಾಯಿತು. ಮೊದಲ ವರ್ಷ 38 ಇದ್ದ ಈ ಪ್ರಮಾಣವು ಆರನೆಯ ವರ್ಷಕ್ಕೆ 16ಕ್ಕೆ ಇಳಿಯಿತು. ವಿಧಾನ ಅದೇ, ಉಪಕರಣಗಳೂ ಬಹುಮಟ್ಟಿಗೆ ಅವೇ, ಪಳಗಿದುದು ಕೈ. ಮಧ್ಯದಲ್ಲಿ ತೆರೆಯುವುದನ್ನು ನಮ್ಮ ಜನ ಸೋಲೆಂದು ತಿಳಿಯುತ್ತಾರೆ. ಥಿಯೇಟರಿನಿಂದ ಹೊರಗೆ ಬಂದ ವೈದ್ಯನು “ತೆರೆಯಬೇಕಾಯಿತು” ಎಂದೊಡನೆ, “ದುರ್ಬೀನಿಗೆ ದುಡ್ಡು ಕಟ್ಟಿಸಿಕೊಂಡಿರಲ್ಲ” ಎಂದು ಮೇಲೆ ಬೀಳುವ ಬಂಧುಗಳು ಎಲ್ಲ ಆಸ್ಪತ್ರೆಗಳಲ್ಲಿಯೂ ಇದ್ದಾರೆ. ಈ ಜಗಳದ ಭಯವು ಶಸ್ತ್ರವೈದ್ಯನ ಕೈಯನ್ನು ತಡೆಹಿಡಿದರೆ ನಷ್ಟವಾಗುವುದು ಯಾರಿಗೆ? ರಕ್ತ ಚಿಮ್ಮಿದಾಗ, ಗಂಟು ಮೂತ್ರನಾಳಕ್ಕೋ ಸಣ್ಣಕರುಳಿಗೋ ಅಂಟಿಕೊಂಡಿರುವುದು ಕಂಡಾಗ, ಅಂಗರಚನೆಯೇ ಗೋಚರಿಸದಾದಾಗ ಬೇಗನೆ ತೆರೆಯುವವನೇ ಬುದ್ಧಿವಂತನು. ಒಪ್ಪಿಗೆಪತ್ರದಲ್ಲಿ ಎರಡು ವಿಧಾನಗಳಿಗೂ ರುಜು ಹಾಕಿಸಿಕೊಳ್ಳುವುದು ಈ ಕಾರಣದಿಂದಲೇ. ಅದನ್ನು ಓದದೆ ರುಜು ಹಾಕುವುದು ನಮ್ಮ ಸಂಪ್ರದಾಯವಾಗಿಬಿಟ್ಟಿದೆ.

ಮತ್ತೆ ಕೆಲವು ಪ್ರಸಂಗಗಳಲ್ಲಿ ತೆರೆದ ಮಾರ್ಗವೇ ಮೊದಲಿನಿಂದಲೂ ಪ್ರಶಸ್ತ. ಕರುಳು ಪೂರ್ತಿ ಕಟ್ಟಿಕೊಂಡು ಹೊಟ್ಟೆ ಉಬ್ಬಿ ರಾತ್ರೋರಾತ್ರಿ ಬಂದವನು, ಕರುಳು ತೂತುಬಿದ್ದು ಹೊಟ್ಟೆಯೆಲ್ಲ ಕೊಳೆತವನು, ಗಂಟು ನೆರೆಯ ಅಂಗಗಳಿಗೆ ಹಬ್ಬಿ ಅವುಗಳನ್ನೂ ಒಟ್ಟಿಗೆ ತೆಗೆಯಬೇಕಾದವನು, ಹಿಂದಿನ ಶಸ್ತ್ರಚಿಕಿತ್ಸೆಗಳಿಂದ ಕರುಳುಗಳೆಲ್ಲ ಒಂದಕ್ಕೊಂದು ಅಂಟಿಹೋದವನು—ಇವರ ಉದರದಲ್ಲಿ ಸಲಾಕೆಗಳ ಚಮತ್ಕಾರಕ್ಕೆ ಸ್ಥಳವೇ ಇರುವುದಿಲ್ಲ. ಭಾರತದಲ್ಲಿ ಕರುಳಿನ ಅರ್ಬುದವು ಪಾಶ್ಚಾತ್ಯ ದೇಶಗಳಲ್ಲಿರುವಷ್ಟು ವ್ಯಾಪಕವಲ್ಲವಾದರೂ, ಬರುವವರು ತಡವಾಗಿ ಬರುತ್ತಾರೆ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತಿಂಗಳುಗಟ್ಟಲೆ ಲೇಹ್ಯ ತಿನ್ನುವುದು, ರಕ್ತಹೀನತೆಗೆ ಕಬ್ಬಿಣದ ಗುಳಿಗೆ ನುಂಗುತ್ತ ಅದರ ಮೂಲವನ್ನು ಹುಡುಕದಿರುವುದು, ಕೊಲೊನೋಸ್ಕೊಪಿಯ ಹೆಸರಿಗೆ ನಾಚುವುದು: ಇವುಗಳಿಂದ ಕಳೆದುಹೋದ ಕಾಲವನ್ನು ಯಾವ ವಿಧಾನವೂ ಮರಳಿ ತಂದುಕೊಡದು. ಇಂಥ ರೋಗಿಗಳೇ ಹೆಚ್ಚಾಗಿರುವ ದೇಶದಲ್ಲಿ ಹೊಟ್ಟೆಯನ್ನು ತೆರೆದು ಕೈಯಿಂದ ಕೆಲಸ ಮಾಡಬಲ್ಲ ಶಸ್ತ್ರವೈದ್ಯರು ಬೇಕೇ ಬೇಕು. ಪರದೆಯನ್ನು ನೋಡುತ್ತಲೇ ವಿದ್ಯೆ ಕಲಿತ ಕಿರಿಯ ತಲೆಮಾರಿಗೆ ತೆರೆದ ಕ್ರಿಯೆಯ ಅಭ್ಯಾಸ ಕುಗ್ಗುತ್ತಿದೆಯೆಂಬ ಹಿರಿಯರ ಆತಂಕವನ್ನು ಮುದುಕರ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ದುರ್ಬೀನು ಕೈಕೊಟ್ಟಾಗ ಶರಣು ಹೋಗತಕ್ಕದ್ದು ಆ ವಿದ್ಯೆಗೇ ಅಲ್ಲವೆ?

ಇಷ್ಟನ್ನು ಒಪ್ಪಿದ ಮೇಲೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ದುರ್ಬೀನು ಕೊಡುವುದು ವರ್ಷಗಳನ್ನಲ್ಲ, ದಿನಗಳನ್ನು. ಆದುದರಿಂದ ಆ ದಿನಗಳು ಯಾರಿಗೆ ಹೆಚ್ಚು ಬೆಲೆಯುಳ್ಳವೆಂದು ಕೇಳುವುದು ಅನಿವಾರ್ಯ. ಪಿಂಚಣಿ ಬರುವ, ಮಕ್ಕಳು ದುಡಿಯುವ, ಲಿಫ್ಟುಳ್ಳ ಮನೆಯ ಹಿರಿಯರಿಗೆ ಒಂದು ವಾರ ಮೊದಲು ಎದ್ದು ಓಡಾಡುವುದು ಸುಖ, ಅಷ್ಟೆ. ಮಾಟುಂಗದ ಹೋಟೆಲಿನಲ್ಲಿ ಬೆಳಗಿನ ನಾಲ್ಕು ಗಂಟೆಗೆ ಹಿಟ್ಟಿನ ಪಾತ್ರೆಗಳನ್ನೆತ್ತುವ, ರಜೆಯೆಂದರೆ ಸಂಬಳವಿಲ್ಲದ ಕಾರ್ಮಿಕನಿಗೆ ಹೊಟ್ಟೆಯ ನಡುವೆ ನೀಳವಾದ ಗಾಯವಾದರೆ ಆರು ವಾರ ಭಾರ ಎತ್ತಕೂಡದೆಂಬ ಅಪ್ಪಣೆಯಾಗುತ್ತದೆ. ಅಷ್ಟರಲ್ಲಿ ಅವನ ಜಾಗದಲ್ಲಿ ಬೇರೊಬ್ಬನು ಬಂದಿರುತ್ತಾನೆ. ಮುಂದೆ ಕೀಮೋ ಕೊಡಬೇಕಾದವನಿಗಂತೂ ಬೇಗನೆ ಚೇತರಿಸಿಕೊಳ್ಳುವುದು ಎರಡು ಪಟ್ಟು ಆವಶ್ಯಕ. ಆದರೆ ವಸ್ತುಸ್ಥಿತಿ ಇದಕ್ಕೆ ತಿರುಗುಮುರುಗು. ಒಂದು ಸಲ ಬಳಸಿ ಎಸೆಯುವ ಸ್ಟೇಪ್ಲರುಗಳ, ರಕ್ತನಾಳಗಳನ್ನು ಬೆಸೆಯುವ ವಿದ್ಯುತ್ ಸಲಾಕೆಗಳ ಖರ್ಚನ್ನು ಹೊರಬಲ್ಲವನು ದುರ್ಬೀನಿನ ಸೌಲಭ್ಯವನ್ನು ಪಡೆಯುತ್ತಾನೆ. ಹೊರಲಾರದವನು ನೀಳ ಗಾಯವನ್ನು ಹೊತ್ತು ಮನೆಗೆ ಹೋಗುತ್ತಾನೆ. ಯಾರಿಗೆ ಆ ದಿನಗಳು ಅನ್ನವೋ ಅವರಿಗೆ ಅವು ದೊರೆಯುವುದಿಲ್ಲ.

ಸಾರ್ವಜನಿಕ ಆಸ್ಪತ್ರೆಗಳಲ್ಲಿ ಎಲ್ಲರಿಗೂ ದುರ್ಬೀನಿನಿಂದಲೇ ಮಾಡತಕ್ಕದ್ದೆಂದು ಕೂಗುವುದು ಸುಲಭ. ಅದಕ್ಕೂ ಒಂದು ಲೆಕ್ಕವು ಅಡ್ಡ ಬರುತ್ತದೆ. ಅಮೆರಿಕದ ಪ್ರಯೋಗದಲ್ಲಿ ದುರ್ಬೀನಿನ ಕ್ರಿಯೆಗೆ ಹಿಡಿದುದು 150 ನಿಮಿಷ, ತೆರೆದುದಕ್ಕೆ 95. ಎಂದರೆ ಎರಡು ದುರ್ಬೀನಿನ ಕ್ರಿಯೆಗಳು ನಡೆಯುವ ಸಮಯದಲ್ಲಿ ತೆರೆದ ಕ್ರಿಯೆಗಳು ಮೂರು ಮುಗಿಯುತ್ತವೆ. ಥಿಯೇಟರಿನ ಮೇಜುಗಳು ಎಣಿಕೆಯವು, ಹೊರಗಿನ ಸಾಲು ವಾರಗಟ್ಟಲೆ ಉದ್ದದ್ದು. ಆ ಮೂರನೆಯ ರೋಗಿಯು ಕಾಯುವ ಒಂದೊಂದು ವಾರವೂ ಅವನ ಗಂಟಿಗೆ ಬೆಳೆಯಲು ದೊರೆತ ಸಮಯ. ಆದಕಾರಣ ಜನಸಂದಣಿಯ ಆಸ್ಪತ್ರೆಯಲ್ಲಿ ಪೊರೆಯನ್ನು ಹರಿಯದೆ, ಗ್ರಂಥಿಗಳನ್ನು ಬಿಡದೆ, ದಿನಕ್ಕೆ ಮೂವರ ಹೊಟ್ಟೆಯನ್ನು ತೆರೆದು ಮುಗಿಸುವ ಶಸ್ತ್ರವೈದ್ಯನನ್ನು ಹಿಂದುಳಿದವನೆಂದು ಕರೆಯುವ ಎದೆಗಾರಿಕೆ ನನಗಿಲ್ಲ. ಎಲ್ಲರಿಗೂ ಕೊಡಲಾಗದ ಸೌಲಭ್ಯವನ್ನು ಕೆಲವರಿಗೆ ಕೊಡಬಹುದಾದರೆ ಆ ಕೆಲವರನ್ನು ಆರಿಸುವ ನ್ಯಾಯ ಯಾವುದೆಂಬುದೊಂದೇ ಉಳಿಯುತ್ತದೆ. ಈಗಿನ ನ್ಯಾಯವು ಹಣದ ಚೀಲದ ತೂಕ. ಹೊರರೋಗಿ ವಿಭಾಗದಲ್ಲಿ ಬರೆಯಿಸುವ ಕೇಸ್ ಪೇಪರಿನಲ್ಲಿ ಹೆಸರು, ವಯಸ್ಸು, ವಿಳಾಸಗಳ ಕೆಳಗೆ ಉದ್ಯೋಗವೆಂಬ ಕಲಮೊಂದು ಬಹುಕಾಲದಿಂದಲೂ ಇದೆ. ಗುಮಾಸ್ತನು ಅದನ್ನು ಭರ್ತಿಮಾಡುತ್ತಾನೆ, ಆಮೇಲೆ ಯಾರೂ ಅದನ್ನು ಓದುವುದಿಲ್ಲ. ಗಂಟು ಎರಡೂ ವಿಧಾನಗಳಿಗೆ ಒಗ್ಗುವಂಥದೆಂದು ಸ್ಕ್ಯಾನಿನಲ್ಲಿ ಕಂಡ ರೋಗಿಗಳಲ್ಲಿ ಆ ವಾರ ದುರ್ಬೀನು ಯಾರಿಗೆಂದು ನಿರ್ಣಯಿಸುವಾಗ ವೈದ್ಯರು ಆ ಕಲಮನ್ನು ಮೊದಲು ನೋಡಿ, ಮೂಟೆ ಹೊರುವವನನ್ನೂ ಹಿಟ್ಟು ರುಬ್ಬುವವನನ್ನೂ ಮನೆಮನೆಗೆ ನೀರು ಹೊರುವವಳನ್ನೂ ಪಟ್ಟಿಯ ಮೇಲ್ಗಡೆಗೆ ಬರೆದುಕೊಂಡರೆ, ಅದಕ್ಕೆ ಹೊಸ ಕಾನೂನೂ ಬೇಡ, ಹೊಸ ಯಂತ್ರವೂ ಬೇಡ.